ಕಲ್ಲಿನ ಕಡತ ಓದಿದ ಅಧಿಕಾರಿ

ಹರಿಹರದ ಸುತ್ತಲೂ, ದಾವಣಗೆರೆಯ ಎರಡು ಮಗ್ಗುಲಲ್ಲಿ ಶಿವಮೊಗ್ಗ ಮತ್ತು ಚಿತ್ರದುರ್ಗಗಳ ದಿಕ್ಕಿಗೂ ಹಬ್ಬಿರುವ ಪುರಾತನ ಶಿಲಾಸ್ತರಗಳನ್ನು ಭೂವಿಜ್ಞಾನಿಗಳು ಧಾರವಾಡ ಶಿಲೆಗಳೆಂದು ಕರೆಯುತ್ತಾರೆ. ಕನ್ನಡದ ಊರೊಂದರ ಹೆಸರನ್ನು ಜಗತ್ತಿನ ವಿಜ್ಞಾನ ಗ್ರಂಥಗಳಿಗೆ ಸೇರಿಸಿದವರು ರಾಬರ್ಟ್ ಬ್ರೂಸ್ ಫೂಟ್. ಈ ಭಾಗದಲ್ಲಿ ಅವರ ನೆನಪು ಹೆಚ್ಚು ಜನರಿಗಿಲ್ಲ.

1834ರಲ್ಲಿ ಇಂಗ್ಲೆಂಡಿನ ಚೆಲ್ಟನ್‌ಹ್ಯಾಮಿನಲ್ಲಿ ಜನಿಸಿದ ಫೂಟ್ 1858ರಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯನ್ನು ಸೇರಿ ಮದರಾಸಿಗೆ ಬಂದರು. ತಿರುಚಿರಾಪಳ್ಳಿಯ ಸೀಮೆ ಅವರ ಆರಂಭದ ಕಾರ್ಯಕ್ಷೇತ್ರಗಳಲ್ಲೊಂದು. ಅಲ್ಲಿನ ಸಾಗರಶಿಲೆಗಳಲ್ಲಿ ಡೈನೊಸಾರ್ ಯುಗದ ಚಿಪ್ಪುಗಳೊಡನೆ ಶಾರ್ಕ್ ಮೀನಿನ ಹಲ್ಲುಗಳೂ ದೊರೆಯುತ್ತವೆ. ಶಾರ್ಕಿನ ಅಸ್ಥಿಪಂಜರ ಮೃದ್ವಸ್ಥಿಯದಾದ್ದರಿಂದ ಕರಗಿಹೋಗುತ್ತದೆ. ಉಳಿಯುವುದು ಬಹುಮಟ್ಟಿಗೆ ಹಲ್ಲು ಮಾತ್ರ.

1863ರ ಮೇ 30ರಂದು ಮದರಾಸಿನ ಬಳಿಯ ಪಲ್ಲಾವರದಲ್ಲಿ ಫೂಟ್ ಕೈಗೊಡಲಿಯಾಕಾರದ ಒಂದು ಕಲ್ಲನ್ನು ಎತ್ತಿಕೊಂಡರು. ಅದು ಮನುಷ್ಯನು ಕೆತ್ತಿದ ಆಯುಧವೆಂದು ಅವರು ಗುರುತಿಸಿದ್ದರಿಂದ ಭಾರತದ ಶಿಲಾಯುಗದ ಅಧ್ಯಯನ ಆರಂಭವಾಯಿತು. ನಕ್ಷೆ ರಚಿಸುವುದು ಅವರ ಸರ್ಕಾರಿ ಕೆಲಸ. ದಾರಿಯಲ್ಲಿ ಕಂಡ ಪ್ರತಿ ಕಲ್ಲನ್ನೂ ವಿಚಾರಿಸುವುದು ಅವರೇ ಹೊತ್ತ ಹೊಣೆ.

ಬೆಳಗಾವಿ ಜಿಲ್ಲೆಯ ಗೋಕಾಕದ ಸಮೀಪ ಘೇಂಡಾಮೃಗದ ಪಳೆಯುಳಿಕೆಗಳನ್ನು ಪತ್ತೆಹಚ್ಚಿ, 1874ರಲ್ಲಿ ಅದನ್ನು ದಖನ್ನಿನ ಹೆಸರಿನಲ್ಲೇ ಹೊಸ ಪ್ರಭೇದವೆಂದು ವರ್ಣಿಸಿದರು. ಕಲಾದಗಿಯ ಸುಣ್ಣಕಲ್ಲನ್ನೂ ಸಮೀಕ್ಷಿಸಿ 1876ರಲ್ಲಿ ವರದಿ ಪ್ರಕಟಿಸಿದರು. 1880ರ ದಶಕದಲ್ಲಿ ಕರ್ನೂಲಿನ ಬಿಲ್ಲಸುರ್ಗಂ ಸುಣ್ಣಕಲ್ಲಿನ ಗುಹೆಗಳನ್ನು ಅವರೂ ಸೇನಾಧಿಕಾರಿಯಾಗಿದ್ದ ಅವರ ಮಗನೂ ಅಗೆಸಿ, ಪ್ರಾಣಿಗಳ ಮೂಳೆ ಹಲ್ಲುಗಳನ್ನು ಹೊರತೆಗೆದರು.

ಅದೇ ದಶಕದಲ್ಲಿ ಚಿನ್ನದ ಹಂಬಲ ದಕ್ಷಿಣ ಭಾರತವನ್ನು ಆವರಿಸಿತ್ತು. ಕಂಪೆನಿಗಳು ಲಾಭವನ್ನು ನೋಡಿದವು. ಚಿನ್ನವನ್ನು ಹೊತ್ತ ಶಿಲೆಗಳು ಸುತ್ತಲಿನ ಗ್ರಾನೈಟ್ ಮಾದರಿಯ ಶಿಲೆಗಳಿಂದ ಬೇರೆಯೆಂಬುದನ್ನು ಫೂಟ್ ನೋಡಿದರು. ಧಾರವಾಡವೆಂಬ ಹೆಸರು ಹೊರಟದ್ದು ಆ ವಿವೇಚನೆಯಿಂದ.

ಆದ್ದರಿಂದ ನಮ್ಮ ಸೀಮೆಯ ಸುಣ್ಣಕಲ್ಲಿನಲ್ಲಿ ಶಾರ್ಕಿನ ಹಲ್ಲನ್ನು ಹುಡುಕುವವರಿಗೆ ನಿರಾಶೆ ಖಚಿತ. ಈ ಕಲ್ಲು ಸುಮಾರು 260 ಕೋಟಿ ವರ್ಷದಷ್ಟು ಹಳೆಯದು. ಶಾರ್ಕಿನ ವಂಶಕ್ಕೆ ಹೆಚ್ಚೆಂದರೆ 45 ಕೋಟಿ ವರ್ಷ. ಆದರೆ ಶಿವಮೊಗ್ಗ, ಚಿತ್ರದುರ್ಗ ಭಾಗಗಳ ಸುಣ್ಣಕಲ್ಲಿನಲ್ಲಿ ಸ್ಟ್ರೊಮ್ಯಾಟೊಲೈಟ್‌ಗಳಿವೆ. ಸೂಕ್ಷ್ಮಜೀವಿಗಳು ಪದರದ ಮೇಲೆ ಪದರವಾಗಿ ಕಟ್ಟಿದ ಈ ರಚನೆಗಳು ಭಾರತದ ಅತಿ ಪ್ರಾಚೀನ ಜೀವಕುರುಹುಗಳ ಸಾಲಿಗೆ ಸೇರುತ್ತವೆ. ಫೂಟ್ ಅವರ ಕಾಲಕ್ಕೆ ಇವುಗಳ ಅರ್ಥ ತಿಳಿದಿರಲಿಲ್ಲ. ಅದನ್ನು ಮುಂದಿನವರು ಓದಿದ್ದು ಶಿಲೆ ಇದ್ದಲ್ಲೇ ಉಳಿದಿದ್ದರಿಂದ.

1891ರಲ್ಲಿ ನಿವೃತ್ತರಾದ ಮೇಲೂ ಫೂಟ್ ವಿಶ್ರಮಿಸಲಿಲ್ಲ. 1894ರಲ್ಲಿ ಸ್ಥಾಪನೆಯಾದ ಮೈಸೂರು ಭೂವಿಜ್ಞಾನ ಇಲಾಖೆಯನ್ನು ರೂಪಿಸಿದರು. ನಾಲ್ಕುನೂರಕ್ಕೂ ಹೆಚ್ಚು ನೆಲೆಗಳಿಂದ ಕೂಡಿಸಿದ ಪ್ರಾಗೈತಿಹಾಸಿಕ ವಸ್ತುಗಳ ಸಂಗ್ರಹ 1904ರಲ್ಲಿ ಮದರಾಸು ವಸ್ತುಸಂಗ್ರಹಾಲಯಕ್ಕೆ ಸೇರಿತು. 1912ರಲ್ಲಿ ಅವರು ಕಲ್ಕತ್ತೆಯಲ್ಲಿ ನಿಧನರಾದರು. ಅದರ ವಿವರಪಟ್ಟಿ ಪ್ರಕಟವಾದದ್ದು ಆನಂತರ. ಯಾವ ವಸ್ತು ಎಲ್ಲಿ ಸಿಕ್ಕಿತೆಂದು ಅದು ಹೇಳುವುದರಿಂದಲೇ ಸಂಶೋಧಕರು ಇಂದಿಗೂ ಆ ನೆಲೆಗಳಿಗೆ ಮರಳಬಲ್ಲರು.

ಕಡತದಲ್ಲಿ ಸೇರದೆ ಕಳೆದುಹೋದ ಕಾಗದ ಮತ್ತೆ ಸಿಗುವುದಿಲ್ಲವೆಂಬುದು ಸರ್ಕಾರಿ ಸೇವೆಯಲ್ಲಿದ್ದವರೆಲ್ಲ ಬಲ್ಲ ಸತ್ಯ. ಕಲ್ಲಿಗೂ ಅದೇ ನಿಯಮ. ಸಿಮೆಂಟಿಗಾಗಿ ಒಡೆದ ಸುಣ್ಣಕಲ್ಲಿನ ಪದರಕ್ಕೆ ನಕಲು ಪ್ರತಿ ಇಲ್ಲ. ಚಿತ್ರದುರ್ಗದ ಬಳಿ ಮರಡಿಹಳ್ಳಿಯ ದಿಂಬಿನಾಕಾರದ ಲಾವಾಶಿಲೆಯನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿಸಲಾಗಿದೆ. ಸ್ಟ್ರೊಮ್ಯಾಟೊಲೈಟ್ ನೆಲೆಗಳಿಗೂ ಅಂಥ ರಕ್ಷಣೆ ಸಲ್ಲಬೇಕು. ಸುಣ್ಣಕಲ್ಲಿನ ಗಣಿ ಗುತ್ತಿಗೆ ನೀಡುವ ಮುನ್ನ ಅಲ್ಲಿನ ಜೀವಕುರುಹುಗಳ ದಾಖಲೆಯಾಗಬೇಕು, ಉತ್ತಮವಾದ ಒಂದು ಭಾಗವನ್ನಾದರೂ ಮುಟ್ಟದೆ ಬಿಡಬೇಕು. ಇದಕ್ಕೆ ತಗಲುವ ವೆಚ್ಚ ಅಲ್ಪ. ಫೂಟ್ ಅವರಿಗೆ ಪ್ರತಿಮೆಗಿಂತ ಇದು ಹೆಚ್ಚು ಒಪ್ಪುವ ಸ್ಮಾರಕ.