ಡಿಗ್ರಿಗೆ ಹೆಸರು ಕೊಟ್ಟ ಫ್ಯಾರನ್‌ಹೀಟ್

ಜ್ವರ ಬಂದರೆ ನಮ್ಮ ಮನೆಗಳಲ್ಲಿ ನೂರು, ನೂರೆರಡು ಎಂದು ಹೇಳುವುದು ರೂಢಿ. ಭೌತಶಾಸ್ತ್ರದ ತರಗತಿಯಲ್ಲಿ ನೂರು ಡಿಗ್ರಿ ಎಂದರೆ ಕುದಿಯುವ ನೀರು. ಈ ಎರಡು ನೂರುಗಳ ಗುಟ್ಟು ಹುಡುಕುತ್ತಾ ಹೋದಾಗ ನನಗೆ ಪರಿಚಯವಾದವರು ಡೇನಿಯಲ್ ಗೇಬ್ರಿಯಲ್ ಫ್ಯಾರನ್‌ಹೀಟ್.

ಇಂದು ಪೋಲೆಂಡ್‌ನಲ್ಲಿರುವ ಡಾನ್ಸಿಗ್ ಎಂಬ ಬಂದರು ನಗರದ ವ್ಯಾಪಾರಿ ಕುಟುಂಬದಲ್ಲಿ 1686ರಲ್ಲಿ ಅವರು ಹುಟ್ಟಿದರು. 1701ರಲ್ಲಿ ವಿಷದ ಅಣಬೆ ತಿಂದು ತಂದೆ, ತಾಯಿ ಇಬ್ಬರೂ ಒಂದೇ ದಿನ ತೀರಿಕೊಂಡರು. ಆಗ ಅವರಿಗೆ 15 ವರ್ಷ, ಅಂದರೆ ನಮಗಿಂತಲೂ ಚಿಕ್ಕವರು. ವ್ಯಾಪಾರ ಕಲಿಯಲೆಂದು ಅವರನ್ನು ಆಮ್‌ಸ್ಟರ್‌ಡ್ಯಾಮಿಗೆ ಕಳುಹಿಸಲಾಯಿತು. ಆದರೆ ಅವರ ಮನಸ್ಸು ನೆಟ್ಟದ್ದು ವೈಜ್ಞಾನಿಕ ಉಪಕರಣಗಳ ಮೇಲೆ.

ಆ ಕಾಲದಲ್ಲಿ ಥರ್ಮಾಮೀಟರ್‌ಗಳು ಇದ್ದವು, ಆದರೆ ಒಂದು ತೋರಿಸಿದ ಅಂಕಿಯನ್ನು ಇನ್ನೊಂದು ತೋರಿಸುತ್ತಿರಲಿಲ್ಲ. ಹೀಗಾದರೆ ಒಂದು ಊರಿನವರ ಅಳತೆ ಇನ್ನೊಂದು ಊರಿನವರಿಗೆ ಉಪಯೋಗಕ್ಕೆ ಬರುವುದು ಹೇಗೆ? 1708ರಲ್ಲಿ ಫ್ಯಾರನ್‌ಹೀಟ್ ಕೋಪನ್‌ಹೇಗನ್‌ಗೆ ಹೋಗಿ ಖಗೋಳಶಾಸ್ತ್ರಜ್ಞ ಓಲೆ ರೋಮರ್ ಅವರ ವಿಧಾನವನ್ನು ನೋಡಿ ಬಂದರು. 1714ರಲ್ಲಿ ಅವರು ತಯಾರಿಸಿದ ಎರಡು ಥರ್ಮಾಮೀಟರ್‌ಗಳು ಒಂದಕ್ಕೊಂದು ತಾಳೆಯಾದವು. ಅದನ್ನು ಕಂಡು ಜರ್ಮನಿಯ ಪ್ರಾಧ್ಯಾಪಕ ಕ್ರಿಶ್ಚಿಯನ್ ವೋಲ್ಫ್ ಬೆರಗಾದರು. ಮುಂದೆ ಫ್ಯಾರನ್‌ಹೀಟ್ ಮದ್ಯಸಾರದ ಬದಲು ಪಾದರಸ ಬಳಸಿದರು. ಪಾದರಸ ಗಾಜಿಗೆ ಅಂಟುವುದಿಲ್ಲ, ನೀರು ಕುದಿಯುವ ಬಿಸಿಯಲ್ಲೂ ದ್ರವವಾಗಿಯೇ ಇರುತ್ತದೆ.

1724ರಲ್ಲಿ ಲಂಡನ್‌ನ ರಾಯಲ್ ಸೊಸೈಟಿ ಅವರನ್ನು ಸದಸ್ಯರನ್ನಾಗಿ ಆರಿಸಿತು. ಅದೇ ವರ್ಷ ಅವರು ತಮ್ಮ ಮಾಪಕವನ್ನು ವಿವರಿಸಿದರು. ಮಂಜುಗಡ್ಡೆ, ನೀರು, ನವಸಾಗರ ಬೆರೆಸಿದ ಮಿಶ್ರಣಕ್ಕೆ 0, ಬರಿಯ ಮಂಜುಗಡ್ಡೆ ಮತ್ತು ನೀರಿಗೆ 32, ಆರೋಗ್ಯವಂತನ ದೇಹಕ್ಕೆ 96. ಅವರ ನಂತರ ನೀರಿನ ಕುದಿಬಿಂದುವನ್ನು 212 ಎಂದು ನಿಗದಿ ಮಾಡಿದಾಗ ಡಿಗ್ರಿಯ ಗಾತ್ರ ತುಸು ಬದಲಾಯಿತು. ದೇಹದ ಉಷ್ಣತೆ 98.6ರ ಹತ್ತಿರ ಬಂದದ್ದು ಹೀಗೆ.

ನಾವು ಬಾಯಿಪಾಠ ಮಾಡುವ ಸೂತ್ರ ಇಲ್ಲಿಂದಲೇ ಹುಟ್ಟುತ್ತದೆ. ನೀರು ಹೆಪ್ಪುಗಟ್ಟುವ ಮತ್ತು ಕುದಿಯುವ ಬಿಂದುಗಳ ನಡುವೆ ಫ್ಯಾರನ್‌ಹೀಟ್‌ನಲ್ಲಿ 180 ಡಿಗ್ರಿ. 1742ರಲ್ಲಿ ಸ್ವೀಡನ್ನಿನ ಆಂಡರ್ಸ್ ಸೆಲ್ಸಿಯಸ್ ಅದೇ ಅಂತರವನ್ನು 100 ಭಾಗ ಮಾಡಿದರು. ಆದ್ದರಿಂದ 9 ಫ್ಯಾರನ್‌ಹೀಟ್ ಡಿಗ್ರಿಗಳು 5 ಸೆಲ್ಸಿಯಸ್ ಡಿಗ್ರಿಗಳಿಗೆ ಸಮ. ಜ್ವರ 104 ಇದ್ದರೆ ಮೊದಲು 32 ಕಳೆಯಿರಿ, 72 ಉಳಿಯುತ್ತದೆ. ಅದನ್ನು 5ರಿಂದ ಗುಣಿಸಿ 9ರಿಂದ ಭಾಗಿಸಿದರೆ 40 ಡಿಗ್ರಿ ಸೆಲ್ಸಿಯಸ್. ಆದರೆ ಜ್ವರ ಎಷ್ಟು ಏರಿತು ಎಂಬ ವ್ಯತ್ಯಾಸವನ್ನಷ್ಟೇ ಬದಲಾಯಿಸುವಾಗ 32 ಕಳೆಯಬಾರದು. 9 ಡಿಗ್ರಿ ಫ್ಯಾರನ್‌ಹೀಟ್ ಏರಿಕೆ ಎಂದರೆ 5 ಡಿಗ್ರಿ ಸೆಲ್ಸಿಯಸ್ ಏರಿಕೆ, ಅಷ್ಟೇ. ಪರೀಕ್ಷೆಯಲ್ಲಿ ಇದು ನೆನಪಿರಲಿ.

1736ರಲ್ಲಿ, 50ನೇ ವಯಸ್ಸಿನಲ್ಲಿ, ಫ್ಯಾರನ್‌ಹೀಟ್ ಹೇಗ್ ನಗರದಲ್ಲಿ ನಿಧನರಾದರು. ಶಾಖವನ್ನು ಅಳೆದವರಲ್ಲಿ ಅವರು ಮೊದಲಿಗರಲ್ಲ. ಎಲ್ಲಿ ಅಳೆದರೂ, ಯಾರು ಅಳೆದರೂ ಒಂದೇ ಉತ್ತರ ಬರಬೇಕೆಂದು ಅವರು ಜೀವನವಿಡೀ ಶ್ರಮಿಸಿದರು. ಹದಿನೈದರಲ್ಲೇ ಅನಾಥನಾದ ಹುಡುಗನಿಗೆ ಅಷ್ಟು ತಾಳ್ಮೆ ಸಾಧ್ಯವಾಯಿತಲ್ಲ, ನನಗೆ ಅದೇ ದೊಡ್ಡ ಪಾಠ.