ತೂತಿರುವ ಒಂದು ಹಿತ್ತಾಳೆ ತುಣುಕು ಮತ್ತು ಬಿಯಾಟ್ರಿಸ್ ಶಿಲ್ಲಿಂಗ್

ಅರೆಬರೆ ಪರಿಹಾರ ಅಂದ್ರೆ ರಾಜಿ ಅಂತಲೇ ನಾನು ನಂಬಿದ್ದೆ. ಆ ನಂಬಿಕೆಯನ್ನು ಅಲ್ಲಾಡಿಸಿದ್ದು ಬ್ರಿಟನ್ನಿನ ಎಂಜಿನಿಯರ್ ಬಿಯಾಟ್ರಿಸ್ ಶಿಲ್ಲಿಂಗ್ ಅವರ ಬದುಕು.

1940ರ ಯುದ್ಧದ ಹೊತ್ತು. ಜರ್ಮನಿಯ ಮೆಸ್ಸರ್‌ಶ್ಮಿಟ್ ವಿಮಾನ ಮೂತಿ ಬಗ್ಗಿಸಿ ಸೀದಾ ಕೆಳಕ್ಕೆ ಧುಮುಕುತ್ತಿತ್ತು. ಬೆನ್ನಟ್ಟಿದ ಸ್ಪಿಟ್‌ಫೈರ್, ಹರಿಕೇನ್‌ಗಳು ಹಾಗೇ ಧುಮುಕಿದರೆ ಅವುಗಳ ಮರ್ಲಿನ್ ಎಂಜಿನ್ ಬಿಕ್ಕಳಿಸಿ ಶಕ್ತಿ ಕಳ್ಕೊಳ್ಳುತ್ತಿತ್ತು. ಪೈಲಟ್‌ಗಳು ಮೊದಲು ವಿಮಾನವನ್ನು ಮಗುಚಿ, ಆಮೇಲೆ ಧುಮುಕಬೇಕಿತ್ತು. ಅಷ್ಟರಲ್ಲಿ ಶತ್ರು ತಪ್ಪಿಸಿಕೊಂಡಿರುತ್ತಿದ್ದ. ಶತ್ರು ಬೆನ್ನ ಹಿಂದೆಯೇ ಇದ್ದರೆ ಜೀವವೇ ಹೋಗುತ್ತಿತ್ತು.

ದೋಷ ಇದ್ದದ್ದು ಕಾರ್ಬ್ಯುರೇಟರ್‌ನಲ್ಲಿ. ನಮ್ಮ ಮನೆಯ ಟ್ಯಾಂಕಿನ ಬಾಲ್ ವಾಲ್ವ್ ಥರವೇ ಅದರೊಳಗೂ ಇಂಧನದ ಮಟ್ಟ ಕಾಯುವ ತೇಲುಗುಂಡು ಇತ್ತು. ಮೂತಿ ಹಠಾತ್ತನೆ ಬಗ್ಗಿದಾಗ ಇಂಧನ ಮೇಲಕ್ಕೆ ಚಿಮ್ಮಿ, ಎಂಜಿನ್‌ಗೆ ಒಂದು ಕ್ಷಣ ಪೂರೈಕೆಯೇ ಇಲ್ಲ. ಮರುಕ್ಷಣ ತೇಲುಗುಂಡು ದಿಕ್ಕು ತಪ್ಪಿ ವಾಲ್ವ್ ಪೂರ್ತಿ ತೆರೆದುಕೊಂಡು, ಪಂಪು ನೂಕುವ ಪೆಟ್ರೋಲೆಲ್ಲ ಒಳನುಗ್ಗಿ ಎಂಜಿನ್ ಉಸಿರುಗಟ್ಟುತ್ತಿತ್ತು. ಹೆಚ್ಚು ಅಪಾಯಕಾರಿ ಇದೇ. ಜರ್ಮನ್ ಎಂಜಿನ್‌ಗಳು ಇಂಧನವನ್ನು ನೇರ ಸಿಲಿಂಡರ್‌ಗೇ ಚಿಮ್ಮಿಸುತ್ತಿದ್ದರಿಂದ ಅವಕ್ಕೆ ಈ ಕಾಟ ಇರಲಿಲ್ಲ.

ಬಿಯಾಟ್ರಿಸ್ ಹುಟ್ಟಿದ್ದು 1909ರ ಮಾರ್ಚ್ 8ರಂದು, ಹ್ಯಾಂಪ್‌ಶೈರ್‌ನಲ್ಲಿ. ಅಪ್ಪ ಕಸಾಯಿ ಅಂಗಡಿಯವರು. ಹದಿನಾಲ್ಕಕ್ಕೇ ಮೋಟಾರ್‌ಸೈಕಲ್ ಕೊಂಡು ಬಿಚ್ಚಿ ಜೋಡಿಸಿದ ಹುಡುಗಿ. ಹಳ್ಳಿಗಳಿಗೆ ಕರೆಂಟ್ ಹಾಕಿಸುತ್ತಿದ್ದ ಮಾರ್ಗರೆಟ್ ಪಾರ್ಟ್ರಿಜ್ ಎಂಬ ಮಹಿಳಾ ಎಂಜಿನಿಯರ್ ಆಕೆಗೆ ಕೆಲಸ ಕಲಿಸಿ, ಮ್ಯಾಂಚೆಸ್ಟರ್‌ನಲ್ಲಿ ಓದಲು ಹುರಿದುಂಬಿಸಿದರು. 1934ರಲ್ಲಿ ಬ್ರೂಕ್‌ಲ್ಯಾಂಡ್ಸ್ ಟ್ರ್ಯಾಕಿನಲ್ಲಿ ಗಂಟೆಗೆ 100 ಮೈಲಿಗೂ ಹೆಚ್ಚು ವೇಗದಲ್ಲಿ ಬೈಕ್ ಓಡಿಸಿ ಗೋಲ್ಡ್ ಸ್ಟಾರ್ ಗೆದ್ದರು. 1936ರಲ್ಲಿ ಫಾರ್ನ್‌ಬರೋದ ಸರ್ಕಾರಿ ವಿಮಾನ ಸಂಶೋಧನಾ ಕೇಂದ್ರ ಸೇರಿದರು.

ಸಮಸ್ಯೆ ಕೈಗೆ ಬಂದಾಗ ಅವರು ಹೊಸ ಕಾರ್ಬ್ಯುರೇಟರ್ ಬರಲಿ ಅಂತ ಕಾಯಲಿಲ್ಲ. ಪೂರ್ತಿ ಶಕ್ತಿಗೆ ಎಷ್ಟು ಪೆಟ್ರೋಲ್ ಬೇಕೋ ಅಷ್ಟನ್ನೇ ಬಿಡುವ ತೂತಿರುವ ಒಂದು ಪುಟ್ಟ ಹಿತ್ತಾಳೆ ತುಣುಕನ್ನು ಇಂಧನದ ಪೈಪಿಗೆ ಕೂರಿಸಿದರು, ಅಷ್ಟೇ. ವಿಮಾನವನ್ನು ಸೇವೆಯಿಂದ ಹೊರಗಿಡಬೇಕಿರಲಿಲ್ಲ. ಸಣ್ಣ ತಂಡ ಕಟ್ಟಿಕೊಂಡು ವಾಯುನೆಲೆಯಿಂದ ವಾಯುನೆಲೆಗೆ ಹೋದರು. 1941ರ ಮಾರ್ಚ್ ಹೊತ್ತಿಗೆ ಫೈಟರ್ ಪಡೆಯ ವಿಮಾನಗಳಲ್ಲೆಲ್ಲ ಅದು ಕೂತಿತ್ತು.

ಆ ಮೊದಲ ಕ್ಷಣದ ಬಿಕ್ಕಳಿಕೆ ಇದರಿಂದ ಹೋಗಲಿಲ್ಲ. ಉಸಿರುಗಟ್ಟುವುದು ಮಾತ್ರ ತಪ್ಪಿತು. ಒತ್ತಡದಿಂದ ಕೆಲಸ ಮಾಡುವ ಹೊಸ ಕಾರ್ಬ್ಯುರೇಟರ್ ಬಂದಿದ್ದು 1943ರಲ್ಲಿ. ನಡುವಿನ ಎರಡು ವರ್ಷ ಪೈಲಟ್‌ಗಳು ಹಾರಲೇಬೇಕಿತ್ತಲ್ಲ?

ಆ ತುಣುಕಿಗೆ ಗಂಡಸರು ಇಟ್ಟ ಹೆಸರು ಮಿಸ್ ಶಿಲ್ಲಿಂಗ್ ರಂಧ್ರ. ಪೋಲಿ ಜೋಕು. ಅಷ್ಟೊತ್ತಿಗೆ ಅವರಿಗೆ ಮದುವೆಯಾಗಿತ್ತು, ಹಾಗಾಗಿ ಮಿಸ್ ಅನ್ನೋದೂ ತಪ್ಪೇ. ಒಬಿಇ ಗೌರವ ಬಂತು, ನಿಜ. ಆದರೆ 1969ರವರೆಗೆ ಅಲ್ಲೇ ದುಡಿದು, 1990ರಲ್ಲಿ ತೀರಿಕೊಂಡ ಈ ಎಂಜಿನಿಯರ್‌ನನ್ನು ಹೆಚ್ಚಿನವರು ಇಂದಿಗೂ ನೆನೆಯೋದು ಆ ಜೋಕಿನ ಮೂಲಕವೇ.

ವ್ಯವಸ್ಥೆ ಪೂರ್ತಿ ಬದಲಾಗಲಿ ಅಂತ ನಾವು ಕೇಳ್ತೀವಿ, ಕೇಳಲೇಬೇಕು. ಆದರೆ ಅದು ಬದಲಾಗುವವರೆಗೆ ಯಾರು ಬೀಳ್ತಾರೆ ಅಂತ ನೋಡಿ, ಇವತ್ತೇ ಒಂದು ತುಣುಕು ಕೂರಿಸುವವರನ್ನು ರಾಜಿಕೋರರು ಅಂತ ಕರೆಯೋದನ್ನು ನಾನಂತೂ ಬಿಟ್ಟಿದ್ದೀನಿ.