ಚಂದ್ರವಳ್ಳಿಯ ಬಂಡೆ ಮತ್ತು ಡಾ. ಎಂ.ಎಚ್. ಕೃಷ್ಣ

ಚಿತ್ರದುರ್ಗದ ಕೋಟೆಯ ಪಶ್ಚಿಮಕ್ಕೆ, ಬೆಟ್ಟಗಳ ನಡುವಿನ ಚಂದ್ರವಳ್ಳಿಗೆ ಬರುವವರು ಬಹುಪಾಲು ಅಂಕಲಿ ಮಠದ ಗುಹೆಗಳನ್ನು ನೋಡಲೆಂದೇ ಬರುತ್ತಾರೆ. ದೀಪವಿಲ್ಲದೆ ಕಾಲಿಡಲಾಗದ ಆ ಕೋಣೆಗಳಲ್ಲಿ ಸುತ್ತಾಡಿ, ಕೆರೆಯ ಏರಿಯ ಮೇಲೆ ತುಸು ಕುಳಿತು ಹಿಂದಿರುಗುತ್ತಾರೆ. ಅಲ್ಲಿಯೇ ಭೈರವೇಶ್ವರ ಗುಡಿಯ ಬಳಿಯಿರುವ ಬಂಡೆಯ ಮೇಲೆ ಸವೆದುಹೋದ ಕೆಲವು ಸಾಲುಗಳಿವೆ. ಕನ್ನಡ ನಾಡಿನ ಮೊದಲ ರಾಜವಂಶವೆನಿಸಿದ ಕದಂಬರ ಮಯೂರಶರ್ಮನ ಶಾಸನವದು. ಅದನ್ನು ಲೋಕಕ್ಕೆ ತಿಳಿಸಿದವರು ಡಾ. ಎಂ.ಎಚ್. ಕೃಷ್ಣ.

1892ರಲ್ಲಿ ಜನಿಸಿದ ಮೈಸೂರು ಹಟ್ಟಿ ಕೃಷ್ಣ ಅಯ್ಯಂಗಾರರು ಲಂಡನ್ ವಿಶ್ವವಿದ್ಯಾಲಯದಿಂದ ಡಿ.ಲಿಟ್. ಪದವಿ ಪಡೆದು ಮರಳಿ, ಮೈಸೂರಿನಲ್ಲಿ ಇತಿಹಾಸದ ಪ್ರಾಧ್ಯಾಪಕರಾದರು. ಆರ್. ಶಾಮಶಾಸ್ತ್ರಿಗಳ ನಂತರ ಸಂಸ್ಥಾನದ ಪುರಾತತ್ವ ಇಲಾಖೆಯ ಹೊಣೆಯೂ ಅವರ ಪಾಲಿಗೆ ಬಂದಿತು.

ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳೂ ಸೇರಿದಂತೆ ಜಿಲ್ಲೆಯ ಶಾಸನಗಳನ್ನು ಬಿ.ಎಲ್. ರೈಸ್ ಅದಕ್ಕೆ ಮೊದಲೇ ಎಪಿಗ್ರಾಫಿಯ ಕರ್ನಾಟಿಕದ 11ನೇ ಸಂಪುಟದಲ್ಲಿ ಪ್ರಕಟಿಸಿದ್ದರು. ಅವರ ಕಣ್ಣಿಗೆ ಬೀಳದ ಈ ಬಂಡೆಬರಹ ಕೃಷ್ಣರಿಗೆ ದೊರೆತದ್ದು 1929ರಲ್ಲಿ. ಅದೇ ಕಾಲದಲ್ಲಿ ಅವರು ಕಣಿವೆಯ ನೆಲವನ್ನೂ ಅಗೆಸಿದರು. ಶಾತವಾಹನರ ಕಾಲದ ಪಟ್ಟಣವೊಂದು ಅಲ್ಲಿತ್ತೆಂಬುದನ್ನು ಇಟ್ಟಿಗೆ, ಮಡಕೆ, ನಾಣ್ಯಗಳು ಸಾರಿದವು.

ನೆಲವನ್ನು ಒಮ್ಮೆ ಅಗೆದರೆ ಮತ್ತೆ ಮೊದಲಿನಂತೆ ಜೋಡಿಸಲು ಬಾರದು. ಆದುದರಿಂದ ಆ ಕಾಲದ ಛಾಯಾಚಿತ್ರಗಳ ಬೆಲೆ ದೊಡ್ಡದು. ನರಸಿಂಹಾಚಾರ್ಯರ ಅವಧಿಯಿಂದಲೇ ಇಲಾಖೆಯ ವಾರ್ಷಿಕ ವರದಿಗಳಲ್ಲಿ ಗುಡಿ, ವಿಗ್ರಹ, ಶಾಸನಗಳ ಚಿತ್ರಪುಟಗಳು ಇರುತ್ತಿದ್ದವು. ಕೃಷ್ಣರು ಆ ಪದ್ಧತಿಯನ್ನು ಮುಂದುವರಿಸಿದರು. ಮನೆಯಲ್ಲಿ ಕುಳಿತ ಓದುಗನೂ ಸಾಕ್ಷ್ಯವನ್ನು ಕಣ್ಣಾರೆ ಕಂಡು, ಬೇಕಿದ್ದರೆ ತಕರಾರು ತೆಗೆಯಬಹುದಾಗಿತ್ತು.

ತಕರಾರು ಬಂದೇ ಬಂದಿತು. ಪ್ರಾಕೃತದ ಈ ಬರಹದಲ್ಲಿ ಮಯೂರಶರ್ಮನು ಕೆರೆ ಕಟ್ಟಿಸಿದ ವಿಷಯದೊಡನೆ ತ್ರೈಕೂಟ, ಅಭೀರ, ಪಲ್ಲವ, ಪುನ್ನಾಟ, ಮೌಖರಿ ಮೊದಲಾದವರನ್ನು ಗೆದ್ದ ಸಂಗತಿಯೂ ಇದೆಯೆಂದು ಕೃಷ್ಣರು ಓದಿದರು. ಬನವಾಸಿಯ ಅರಸನೊಬ್ಬ ಉತ್ತರದ ಮೌಖರಿಗಳವರೆಗೆ ದಂಡೆತ್ತಿ ಹೋಗಿದ್ದನೆ? ಅಷ್ಟು ಸವೆದ ಅಕ್ಷರಗಳಿಂದ ಅಷ್ಟು ದೊಡ್ಡ ಸಾಮ್ರಾಜ್ಯವನ್ನು ಕಟ್ಟಲಾಗದೆಂದು ನಂತರದ ವಿದ್ವಾಂಸರು ಹಲವರು ಸಂಶಯಪಟ್ಟರು. ಅವರು ಹೇಳಿದ ಕಾಲವಾದ ಮೂರನೆಯ ಶತಮಾನವನ್ನೂ ಬಿಟ್ಟು, ನಾಲ್ಕನೆಯದಕ್ಕೆ ಇಳಿಸಿದರು. ಗೆಲುವುಗಳ ಪಟ್ಟಿಯನ್ನು ಈಗ ಹಾಗೆಯೇ ಒಪ್ಪುವುದು ಕಷ್ಟ. ಕೆರೆಯ ಮಾತು ಮಾತ್ರ ಗಟ್ಟಿಯಾಗಿ ನಿಂತಿದೆ.

1936ರಲ್ಲಿ ಹಾಸನ ಜಿಲ್ಲೆಯ ಹಲ್ಮಿಡಿ ಶಾಸನವನ್ನು ಬೆಳಕಿಗೆ ತಂದವರೂ ಕೃಷ್ಣರೇ. ಜನ ಅವರನ್ನು ನೆನೆಯುವುದು ಹೆಚ್ಚಾಗಿ ಅದಕ್ಕಾಗಿ. ಆದರೆ ದುರ್ಗದ ಸೀಮೆಯನ್ನು ಅವರು ಬಿಡಲಿಲ್ಲ. 1940ರ ದಶಕದ ಆರಂಭದಲ್ಲಿ ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ, ಅಶೋಕನ ಶಾಸನದ ಆಸುಪಾಸಿನಲ್ಲಿ ಅಗೆಸಿ, ಕಲ್ಲಿನ ಆಯುಧಗಳ ಕಾಲದಿಂದ ಮುಂದಕ್ಕೆ ಒಂದರ ಮೇಲೊಂದು ನೆಲೆಸಿದ ಜನವಸತಿಯ ಪದರಗಳನ್ನು ಗುರುತಿಸಿದರು.

ಈ ಎರಡೂ ಸ್ಥಳಗಳಿಗೆ 1947ರಲ್ಲಿ ಮಾರ್ಟಿಮರ್ ವೀಲರ್ ಬಂದರು. ಚಂದ್ರವಳ್ಳಿಯಲ್ಲಿ ದೊರೆತ ರೋಮನ್ ಚಕ್ರವರ್ತಿ ತಿಬೇರಿಯಸನ ನಾಣ್ಯವು ಪದರಗಳ ಕಾಲ ನಿರ್ಣಯಕ್ಕೆ ಆಧಾರವಾಯಿತು. ದಕ್ಷಿಣ ಭಾರತದ ಪ್ರಾಗಿತಿಹಾಸದ ಪುಸ್ತಕಗಳಲ್ಲೆಲ್ಲ ಅಂದಿನಿಂದ ವೀಲರರ ಹೆಸರು ಮುಂದಾಯಿತು. ಅವರು ಗುದ್ದಲಿ ಹಾಕಿದ ನೆಲವನ್ನು ಮೊದಲೇ ಗುರುತಿಸಿ, ಅಗೆಸಿ, ವರದಿ ಬರೆದಿಟ್ಟಿದ್ದ ಕೃಷ್ಣರು ಅದೇ ವರ್ಷದ ಡಿಸೆಂಬರ್‌ನಲ್ಲಿ ತೀರಿಕೊಂಡರು.